ಎಂಟನೇ ವಾರದ ಮೊಗ್ಗು ಮತ್ತು ನಮ್ಮ ಅವಸರ

(ಕಲಬುರಗಿಯಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನು ಬಹುಮಟ್ಟಿಗೆ ಹಾಗೇ ಇಟ್ಟಿದ್ದೇನೆ. ಹೊತ್ತು ಸಾಲದೆ ಅಂದು ಬಿಟ್ಟದ್ದನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಈ ಸಭೆಗೆ ಕರೆದವರು ವಿಷಯ ಏನೆಂದು ಫೋನಿನಲ್ಲಿ ಕೇಳಿದರು. ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ದನಿಯೇ ಇಲ್ಲ. ಆಮೇಲೆ, ‘ಮೇಡಂ, ಪತ್ರಿಕೆಯಲ್ಲಿ ಏನಂತ ಹಾಕೂಣ್ರಿ?’ ಎಂದರು. ಕೊನೆಗೆ ‘ನವಜಾತ ಶಿಶುವಿನ ಆರೋಗ್ಯ’ ಎಂದು ಅಚ್ಚಾಯಿತು. ಅದೂ ಸರಿಯೇ. ಆದರೆ ನಾನು ಮಾತಾಡಲು ಬಂದದ್ದು ಕೂಸಿನ ಲಂಗೋಟಿಯ ಒಳಗಿನ ಅಂಗದ ಬಗ್ಗೆ. ಅದು ಗರ್ಭದಲ್ಲಿ ಹೇಗೆ ಮೂಡುತ್ತದೆ, ಕೆಲವು ಕೂಸುಗಳಲ್ಲಿ ಯಾಕೆ ಬೇರೆ ಥರ ಮೂಡುತ್ತದೆ, ಹಾಗಾದಾಗ ನಾವು ಏನು ಮಾಡಬೇಕು ಎಂಬುದರ ಬಗ್ಗೆ. ಕಣ್ಣು, ತುಟಿ, ಪಾದ ವಾರೆಯಾಗಿದ್ದರೆ ಹತ್ತು ಮಂದಿಗೆ ತೋರಿಸಿ ಕೇಳುತ್ತೇವೆ. ಈ ಒಂದು ಅಂಗದ ವಿಷಯಕ್ಕೆ ಬಂದಾಗ ಬಾಯಿ ಕಟ್ಟುತ್ತದೆ. ಹಾಗೆ ಕಟ್ಟಿದ ಬಾಯಿಂದ ಕೂಸುಗಳು ಸತ್ತದ್ದನ್ನು ನಾನು ಕಂಡಿದ್ದೇನೆ.

ಹಲವು ವರ್ಷಗಳ ಹಿಂದಿನ ಮಾತು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಸುರಪುರದ ಕಡೆಯ ಹಳ್ಳಿಯಿಂದ ಹದಿನಾರು ದಿನದ ಕೂಸನ್ನು ತಂದರು. ಹುಟ್ಟಿದಾಗ ಮೂರು ಕಿಲೋ ಇದ್ದದ್ದು ಎರಡೂಕಾಲಕ್ಕೆ ಇಳಿದಿತ್ತು. ನೆತ್ತಿ ಗುಳಿ ಬಿದ್ದಿತ್ತು. ಹೊಟ್ಟೆಯ ತೊಗಲು ಎತ್ತಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಅಳಲಿಕ್ಕೂ ತ್ರಾಣವಿಲ್ಲ. ನಮ್ಮಲ್ಲಿಗೆ ಬರುವ ಮೊದಲು ಎರಡು ಕಡೆ ತೋರಿಸಿದ್ದರು. ಒಂದು ಕಡೆ ಹಾಲು ಒಗ್ಗುತ್ತಿಲ್ಲ ಎಂದಿದ್ದರು, ಇನ್ನೊಂದು ಕಡೆ ನಂಜು ಎಂದು ಸೂಜಿ ಮಾಡಿದ್ದರು. ಎರಡೂ ಕಡೆ ಯಾರೂ ಲಂಗೋಟಿ ಬಿಚ್ಚಿರಲಿಲ್ಲ.

ನಾನು ಬಿಚ್ಚಿದೆ. ಗಂಡಿನದರಂತೆಯೇ ಕಾಣುವ ಪುಟ್ಟ ಅಂಗ, ಅದರ ಕೆಳಗೆ ಸುಕ್ಕುಗಟ್ಟಿದ ಚೀಲ, ಎರಡೂ ಸುತ್ತಲಿನ ತೊಗಲಿಗಿಂತ ಕಪ್ಪು. ಬೆರಳಿಟ್ಟು ತಡವಿದೆ. ಚೀಲ ಖಾಲಿ. ತೊಡೆಸಂದಿಯಲ್ಲೂ ಬೀಜ ಕೈಗೆ ಸಿಗಲಿಲ್ಲ. ಉಚ್ಚೆಯ ತೂತು ತುದಿಯಲ್ಲಿರದೆ ಬುಡದಲ್ಲಿತ್ತು. ರಕ್ತದ ವರದಿ ಬಂತು: ಸೋಡಿಯಂ 112. ಅದು 135ರ ಮೇಲಿರಬೇಕು. ಪೊಟ್ಯಾಸಿಯಂ ಹೃದಯ ನಿಲ್ಲಿಸುವಷ್ಟು ಏರಿತ್ತು. ಕೂಸಿನ ಮೈಯ ಉಪ್ಪೆಲ್ಲ ಉಚ್ಚೆಯಲ್ಲಿ ಹರಿದು ಹೋಗುತ್ತಿತ್ತು.

ಸಲೈನ್ ಹಚ್ಚಿ, ಹೈಡ್ರೊಕಾರ್ಟಿಸೋನ್ ಕೊಟ್ಟು, ಹೊರಗೆ ಬಂದು ಅಜ್ಜಿಗೆ ಹೇಳಿದೆ: ಇದು ಗಂಡೋ ಹೆಣ್ಣೋ ಈಗಲೇ ಹೇಳಲು ಬರುವುದಿಲ್ಲ, ಪರೀಕ್ಷೆ ಬೇಕು. ಆಕೆ ಗೋಡೆಗೆ ಆನಿಕೊಂಡು ಕೂತಳು. ‘ಗಂಡು ಹುಟ್ಯಾದ ಅಂತ ಊರಿಗೆಲ್ಲ ಪೇಢೆ ಹಂಚೀವಿ, ಡಾಕ್ಟರಮ್ಮಾ. ಈಗ ಮಂದಿಗಿ ಏನಂತ ಹೇಳ್ಲಿ?’

‘ಮಂದೀದು ಆಮ್ಯಾಲ ನೋಡೂಣ, ಆಯಿ. ಮೊದ್ಲ ಕೂಸಿಗಿ ಉಪ್ಪು ಕೊಡೂಣ’ ಎಂದೆ.

ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಹೇಳಿದ್ದು. ಆದರೆ ಇವತ್ತು ನಿಮ್ಮ ಮುಂದೆ ಇಡಬೇಕೆಂದು ಬಂದ ಮಾತೂ ಅದೇ. ಈ ಅಂಗದ ವಿಷಯದಲ್ಲಿ ಕೆಲವಕ್ಕೆ ಗಂಟೆಗಳ ಅವಸರ ಬೇಕು, ಕೆಲವಕ್ಕೆ ವರ್ಷಗಳ ತಾಳ್ಮೆ ಬೇಕು. ನಾವು ಬಹಳ ಸಲ ಅದನ್ನು ತಿರುವುಮುರುವು ಮಾಡುತ್ತೇವೆ. ಗಂಡೋ ಹೆಣ್ಣೋ ಎಂದು ಹೇಳಿಬಿಡಲು ಅವಸರ, ಕತ್ತರಿಸಿ ಸರಿಮಾಡಲು ಅವಸರ. ರಕ್ತ ಪರೀಕ್ಷೆಗೆ ಮಾತ್ರ ‘ನಾಳೆ ನೋಡೂಣ’.

ಇನ್ನು ಗರ್ಭದ ಒಳಗೆ ಹೋಗೋಣ. ನಾನು ವಾರಗಳನ್ನು ಗರ್ಭ ಕಟ್ಟಿದ ದಿನದಿಂದ ಎಣಿಸುತ್ತೇನೆ. ನಿಮ್ಮ ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನಿಂದ ಲೆಕ್ಕ ಇರುತ್ತದೆ, ನಾನು ಹೇಳುವ ವಾರಕ್ಕೆ ಎರಡು ಕೂಡಿಸಿದರೆ ಕಾರ್ಡಿನ ವಾರ ಸಿಗುತ್ತದೆ. ಐದಾರು ವಾರಕ್ಕೆ ಪಿಂಡದ ಕಾಲುಗಳ ನಡುವೆ ಒಂದು ಮೊಗ್ಗು ಮೂಡುತ್ತದೆ. ಅದರ ಕೆಳಗೆ ಸೀಳಿನ ಎರಡು ಬದಿಗೆ ಎರಡು ತೆಳು ಮಡಿಕೆ, ಅವುಗಳ ಹೊರಗೆ ಎರಡು ಉಬ್ಬು. ಎಲ್ಲರಿಗೂ ಇಷ್ಟೇ. ಎಂಟನೇ ವಾರದಲ್ಲಿ ಎಂಥ ನುರಿತ ಕಣ್ಣೂ ಹೊರಗಿನಿಂದ ನೋಡಿ ಇದು ಹೆಣ್ಣು, ಇದು ಗಂಡು ಎನ್ನಲಾರದು. ಹನ್ನೆರಡನೇ ವಾರದ ಹೊತ್ತಿಗೆ ದಾರಿ ಕವಲೊಡೆದಿರುತ್ತದೆ. ಅದೇ ಮೊಗ್ಗು ಗಂಡಿನಲ್ಲಿ ಶಿಶ್ನದ ತುದಿ, ಹೆಣ್ಣಿನಲ್ಲಿ ಚಂದ್ರನಾಡಿ, ಅಂದರೆ ಕ್ಲಿಟೋರಿಸ್. ಅದೇ ತೆಳು ಮಡಿಕೆಗಳು ಗಂಡಿನಲ್ಲಿ ಕೂಡಿಕೊಂಡು ಮೂತ್ರನಾಳವಾಗುತ್ತವೆ, ಹೆಣ್ಣಿನಲ್ಲಿ ಕೂಡದೆ ಒಳದುಟಿಗಳಾಗಿ ಉಳಿಯುತ್ತವೆ. ಹೊರಗಿನ ಉಬ್ಬುಗಳು ಗಂಡಿನಲ್ಲಿ ಬೆಸೆದು ಬೀಜದ ಚೀಲ, ಹೆಣ್ಣಿನಲ್ಲಿ ಹೊರದುಟಿ.

ಬೆಸೆದದ್ದಕ್ಕೆ ಗುರುತು ಬೇಕೇ? ಗಂಡು ಕೂಸಿಗೆ ಎರೆಯುವಾಗ ಚೀಲದ ನಟ್ಟನಡುವೆ ನೋಡಿ. ಹೊಲಿಗೆ ಹಾಕಿದಂಥ ಸಣ್ಣ ಗೆರೆಯೊಂದು ಹಿಂದಿನಿಂದ ಮುಂದಕ್ಕೆ ಬಂದಿರುತ್ತದೆ. ಎರಡು ಅಂಚು ಒಂದಾದ ಜಾಗ ಅದು. ಸಾಯುವ ತನಕ ಅಳಿಯುವುದಿಲ್ಲ.

ಈ ಕವಲು ಹೇಗೆ ಒಡೆಯುತ್ತದೆ ಎಂದು ಮೊದಲು ತೋರಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್. 1947ರಲ್ಲಿ ಪ್ರಕಟವಾದ ಅವರ ಪ್ರಯೋಗ ಇಂದಿಗೂ ನೆನೆದರೆ ಬೆರಗಾಗುತ್ತದೆ. ಮೊಲದ ಗರ್ಭ ತೆರೆದು, ಒಳಗಿನ ಮರಿಯ ಎಳೆಯ ಬೀಜ ತೆಗೆದು, ಮತ್ತೆ ಗರ್ಭ ಹೊಲಿದರು. ಆ ಗಂಡು ಮರಿಗಳೆಲ್ಲ ಹೆಣ್ಣಿನ ಅಂಗ ಹೊತ್ತು ಹುಟ್ಟಿದವು. ಅಂದರೆ ಬೀಜದಿಂದ ಹೊರಡುವ ರಸಗಳ, ಅಂದರೆ ಹಾರ್ಮೋನುಗಳ, ಸುದ್ದಿ ಮುಟ್ಟಿದರೆ ಗಂಡಿನ ರೂಪ, ಮುಟ್ಟದಿದ್ದರೆ ಹೆಣ್ಣಿನ ರೂಪ. ಬೀಜ ತಾನು ಬೀಜವಾಗಬೇಕೆಂದು ತಿಳಿಯುವುದು ವೈ ಕ್ರೋಮೋಸೋಮಿನ ಎಸ್‌ಆರ್‌ವೈ ಎಂಬ ಒಂದು ಜೀನ್‌ನಿಂದ. ಅದನ್ನು 1990ರಲ್ಲಿ ಲಂಡನ್ನಿನ ಪೀಟರ್ ಗುಡ್‌ಫೆಲೋ ಮತ್ತು ರಾಬಿನ್ ಲೊವೆಲ್-ಬ್ಯಾಜ್ ಅವರ ತಂಡಗಳು ಗುರುತಿಸಿದವು. ಮರುವರ್ಷ ಅದನ್ನು ಹೆಣ್ಣು ಇಲಿಯ ಭ್ರೂಣಕ್ಕೆ ಸೇರಿಸಿದಾಗ ಗಂಡಿಲಿ ಹುಟ್ಟಿತು. ಗಂಡು ಕೂಸು ಹಡೆಯಲಿಲ್ಲವೆಂದು ಸೊಸೆಯನ್ನು ಅನ್ನುವವರು ಈ ಒಂದು ಮಾತು ಕಿವಿಗೆ ಹಾಕಿಕೊಳ್ಳಬೇಕು. ಆ ವೈ ಬರುವುದು ಗಂಡನಿಂದ. ಗರ್ಭ ಕಟ್ಟಿದ ಗಳಿಗೆಗೇ ಅದು ನಿಂತುಹೋಗಿರುತ್ತದೆ.

ಅದಕ್ಕೇ ‘ಗಂಡು ಆಗೋ ಔಷಧ’ ಎಂದು ಎರಡನೇ ತಿಂಗಳಲ್ಲಿ ಪುಡಿ ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹರಿಯಾಣದಲ್ಲಿ ಇಂಥ ಔಷಧಗಳ ಬಗ್ಗೆ ಅಧ್ಯಯನ ನಡೆದಿದೆ. ಕೆಲವು ಮಾದರಿಗಳಲ್ಲಿ ಹಾರ್ಮೋನಿನ ಅಂಶ ಸಿಕ್ಕಿದೆ, ತಿಂದ ತಾಯಂದಿರ ಕೂಸುಗಳಲ್ಲಿ ಹುಟ್ಟುದೋಷ ಹೆಚ್ಚಿದ್ದದ್ದು ಕಂಡಿದೆ. ಎರಡನೇ ತಿಂಗಳೆಂದರೆ ಆ ಮೊಗ್ಗು ಸುದ್ದಿಗಾಗಿ ಕಾಯುತ್ತಿರುವ ಹೊತ್ತು. ಹೆಣ್ಣಾಗಬೇಕಾದ ಅಂಗಕ್ಕೆ ಹೊರಗಿನಿಂದ ಗಂಡಿನ ಹಾರ್ಮೋನು ತಲುಪಿದರೆ ಏನಾದೀತು ಯೋಚಿಸಿ. ಕೂಸಿನ ಲಿಂಗ ಬದಲಾಗದು, ಅಂಗದ ರೂಪ ಕೆಡಬಹುದು.

ಗಂಡಿನ ಹಾರ್ಮೋನಿಗೂ ಒಂದು ಒಳಗುಟ್ಟಿದೆ. ಬೀಜದಿಂದ ಹೊರಡುವುದು ಟೆಸ್ಟೋಸ್ಟೆರೋನ್. ಹೊರಗಿನ ಅಂಗಕ್ಕೆ ಅದು ಸಾಲದು. ಆ ಜಾಗದ ತೊಗಲಿನಲ್ಲೇ ಒಂದು ಕಿಣ್ವ ಅದನ್ನು ಇನ್ನೂ ಬಲವಾದ ಡೈಹೈಡ್ರೊಟೆಸ್ಟೋಸ್ಟೆರೋನ್ ಆಗಿ ಮಾರ್ಪಡಿಸಬೇಕು. ಇದು ಗೊತ್ತಾದದ್ದು ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಹಳ್ಳಿಗಳಿಂದ. ಅಲ್ಲಿ ಕೆಲವು ಮಕ್ಕಳು ಹೆಣ್ಣಿನಂಥ ಅಂಗದೊಂದಿಗೆ ಹುಟ್ಟಿ, ಹೆಣ್ಣಾಗಿ ಬೆಳೆದು, ಹನ್ನೆರಡರ ಸುಮಾರಿಗೆ ದನಿ ಒಡೆದು, ಅಂಗ ಬೆಳೆದು ಗಂಡಾಗುತ್ತಿದ್ದರು. ಊರವರು ಅವರಿಗೆ ‘ಹನ್ನೆರಡಕ್ಕೆ ಬೀಜ’ ಎಂಬ ಅರ್ಥದ ಹೆಸರಿಟ್ಟಿದ್ದರು. ಅಮೆರಿಕದ ವೈದ್ಯೆ ಜೂಲಿಯಾನ್ ಇಂಪರಾಟೊ-ಮೆಕ್‌ಗಿನ್ಲಿ ಮತ್ತು ಜೊತೆಗಾರರು 1974ರಲ್ಲಿ ಕಾರಣ ಹೇಳಿದರು: ಆ ಕಿಣ್ವದ ಕೊರತೆ. ಇದರಿಂದ ಹೊಳೆದ ದಾರಿಯಲ್ಲೇ ಆ ಕಿಣ್ವ ತಡೆಯುವ ಫಿನಾಸ್ಟೆರೈಡ್ ಗುಳಿಗೆ ಬಂತು. ಪ್ರೊಸ್ಟೇಟ್ ಊತಕ್ಕೆಂದು ಅದನ್ನು ನುಂಗುವ ಹಿರಿಯರು ಈ ಸಭೆಯಲ್ಲೂ ಇರಬಹುದು. ದೂರದ ಯಾವುದೋ ಹಳ್ಳಿಯ ಮಕ್ಕಳ ಋಣ ನಿಮ್ಮ ಮೇಲಿದೆ. ಅಂದಹಾಗೆ, ಆ ಗುಳಿಗೆಯ ಒಡೆದ ಚೂರನ್ನು ಬಸುರಿ ಹೆಣ್ಣುಮಕ್ಕಳು ಮುಟ್ಟಬಾರದು. ಕಾರಣ ಈಗ ನಿಮಗೇ ಗೊತ್ತಾಯಿತು.

ಇನ್ನು ಮೂತ್ರನಾಳ. ಇದರ ಬಗ್ಗೆ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನೀವು ಹೆಚ್ಚಾಗಿ ಕಾಣುವುದು ಇದನ್ನೇ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಬಾಸ್ಕಿನ್, ಜೆರಾಲ್ಡ್ ಕುನ್ಹಾ ಮತ್ತು ತಂಡದವರು ಮಾನವ ಭ್ರೂಣದ ಈ ಅಂಗವನ್ನು ವಾರವಾರಕ್ಕೂ ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದು ಚಂದದ ಚಿತ್ರ ಕೊಟ್ಟಿದ್ದಾರೆ. ಬ್ಯಾಗಿನ ಚೈನು ನೆನೆಸಿಕೊಳ್ಳಿ. ಮೊದಲು ಗಟ್ಟಿಯಾದ ಒಂದು ಪಟ್ಟಿ ಬುಡದಿಂದ ತುದಿಯ ಕಡೆಗೆ ಬಿಚ್ಚಿಕೊಳ್ಳುತ್ತ ತೆರೆದ ಕಾಲುವೆಯಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಚೈನು ಬುಡದಿಂದ ಮುಚ್ಚುತ್ತ ಬಂದು ಕಾಲುವೆಯನ್ನು ಕೊಳವೆ ಮಾಡುತ್ತದೆ. ಬಿಚ್ಚುವ ಕೆಲಸ ಹೆಣ್ಣು ಭ್ರೂಣದಲ್ಲೂ ನಡೆಯುತ್ತದೆ, ಅದಕ್ಕೆ ಗಂಡಿನ ಹಾರ್ಮೋನು ಬೇಕಿಲ್ಲ. ಮುಚ್ಚುವುದಕ್ಕೆ ಬೇಕು. ಎಂಟನೇ ವಾರಕ್ಕೆ ಶುರುವಾದದ್ದು ಹದಿನಾರು ಹದಿನೇಳನೇ ವಾರದ ಹೊತ್ತಿಗೆ ಮುಗಿಯುತ್ತದೆ.

ಮುಚ್ಚುವ ಚೈನು ನಡುವೆ ಎಲ್ಲೋ ಸಿಕ್ಕಿಕೊಂಡರೆ ತೂತು ಅಲ್ಲೇ ಉಳಿಯುತ್ತದೆ. ಇದಕ್ಕೆ ಹೈಪೊಸ್ಪೇಡಿಯಸ್ ಎನ್ನುತ್ತೇವೆ. 200ರಿಂದ 300 ಗಂಡು ಕೂಸುಗಳಲ್ಲಿ ಒಂದಕ್ಕೆ ಇರುತ್ತದೆ. ವರ್ಷಕ್ಕೆ ಸಾವಿರ ಗಂಡು ಕೂಸು ಹುಟ್ಟುವ ಆಸ್ಪತ್ರೆಯಲ್ಲಿ ಮೂರರಿಂದ ಐದು. ಬಹುಪಾಲು ಕೂಸುಗಳಲ್ಲಿ ತೂತು ತುದಿಯ ಹತ್ತಿರವೇ ಇರುತ್ತದೆ. ಕೆಲವರಲ್ಲಿ ನಡುವೆ, ಇನ್ನು ಕೆಲವರಲ್ಲಿ ಬುಡದಲ್ಲಿ. ಅಂಗ ಕೆಳಕ್ಕೆ ಬಾಗಿರುತ್ತದೆ. ಮುಂದೊಗಲು ಸುತ್ತಲೂ ಇರದೆ ಮೇಲ್ಭಾಗದಲ್ಲಿ ಮಾತ್ರ ಕುಂಚಿಗೆಯಂತೆ ಇಳಿಬಿದ್ದಿರುತ್ತದೆ. ಈ ಕುಂಚಿಗೆ ಕಂಡಿತೆಂದರೆ ಕೆಳಗೆ ತಿರುಗಿಸಿ ತೂತು ಎಲ್ಲಿದೆ ನೋಡಿ. ನೋಡಲು ಅರ್ಧ ನಿಮಿಷ ಸಾಕು.

ನಮ್ಮ ಕಲಬುರಗಿ, ಬೀದರ, ಯಾದಗಿರಿಗಳಲ್ಲಿ ಇದರ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮುಸಲ್ಮಾನರ ಮನೆಗಳಲ್ಲಿ ಇಂಥ ಕೂಸು ಹುಟ್ಟಿದರೆ, ಇದಕ್ಕೆ ದೇವರೇ ಅರ್ಧ ಖತ್ನಾ (ಮುಂದೊಗಲು ಕತ್ತರಿಸುವ ಮುಂಜಿ) ಮಾಡಿ ಕಳಿಸಿದ್ದಾನೆ ಎಂದು ಸಂತೋಷಪಟ್ಟವರನ್ನು ನೋಡಿದ್ದೇನೆ. ಆಮೇಲೆ ಉಳಿದರ್ಧ ಮುಂಜಿಯನ್ನೂ ಮಾಡಿಸಿಬಿಡುತ್ತಾರೆ. ಅಲ್ಲಿಗೆ ಶಸ್ತ್ರಚಿಕಿತ್ಸಕನ ಕೈಯಲ್ಲಿದ್ದ ಬಟ್ಟೆಯನ್ನೇ ಕತ್ತರಿಸಿ ಒಗೆದಂತೆ. ಹೊಸ ಮೂತ್ರನಾಳ ಕಟ್ಟಲು, ಕಟ್ಟಿದ್ದರ ಮೇಲೆ ಹೊದಿಕೆ ಹಾಕಲು ನಮಗೆ ಬೇಕಾಗುವುದು ಆ ಮುಂದೊಗಲೇ. ಒಬ್ಬ ಹುಡುಗ ಏಳನೇ ವಯಸ್ಸಿನಲ್ಲಿ ಬಂದ. ತೂತು ನಡುವಿತ್ತು, ಮುಂದೊಗಲು ಒಂದಿಷ್ಟೂ ಉಳಿದಿರಲಿಲ್ಲ. ಬಾಯಿಯ ಒಳಗೆ ಕೆನ್ನೆಯ ತೊಗಲು ತೆಗೆದು, ಎರಡು ಸಲ ಆಪರೇಷನ್ ಮಾಡಬೇಕಾಯಿತು. ತಂದೆ ಕೇಳಿದರು, ‘ಯಾರರೆ ಒಬ್ರು ತಡೀರಿ ಅಂದಿದ್ರ ತಡೀತಿದ್ದೆ, ಮೇಡಂ. ಯಾರೂ ಅನ್ನಲಿಲ್ಲ.’ ಸುನ್ನತ್ ಮಾಡಿಸಬೇಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಮೂತ್ರನಾಳ ಕಟ್ಟುವ ಆಪರೇಷನ್ನಿನಲ್ಲೇ ಮುಂದೊಗಲು ಬಳಕೆಯಾಗಿ ಹೋಗುತ್ತದೆ, ಕೊನೆಗೆ ಅಂಗ ಮುಂಜಿಯಾದಂತೆಯೇ ಕಾಣುತ್ತದೆ. ಮೌಲ್ವಿಗಳಿಗೂ ಖತ್ನಾ ಮಾಡುವವರಿಗೂ ಇದನ್ನು ತಿಳಿಸಿದರೆ ಅವರೇ ತಡೆಯುತ್ತಾರೆ. ಹಾಗೆ ತಡೆದು ಕಳಿಸಿದ ಹಿರಿಯರೊಬ್ಬರು ನಮ್ಮೂರಲ್ಲೇ ಇದ್ದಾರೆ, ಅವರಿಗೆ ನನ್ನ ಸಲಾಂ.

ಆಪರೇಷನ್ ಮಾಡುವುದಾದರೆ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಎಂಬುದು ವಾಡಿಕೆ. 1994ರಲ್ಲಿ ವಾರೆನ್ ಸ್ನಾಡ್‌ಗ್ರಾಸ್ ಪ್ರಕಟಿಸಿದ ವಿಧಾನ, ಅಂದರೆ ತೆರೆದ ಕಾಲುವೆಯ ತಳಕ್ಕೆ ಉದ್ದ ಗೀರು ಹಾಕಿ ಅಗಲಿಸಿ ಕೊಳವೆಯಾಗಿ ಸುತ್ತುವುದು, ಈಗ ಎಲ್ಲ ಕಡೆ ಬಳಕೆಯಲ್ಲಿದೆ. ತುದಿಯ ಹತ್ತಿರವೇ ತೂತಿದ್ದು, ಅಂಗ ನೇರವಾಗಿದ್ದು, ಧಾರೆ ಸರಿಯಾಗಿ ಬೀಳುತ್ತಿದ್ದರೆ ಆಪರೇಷನ್ ಬೇಡವೇ ಬೇಡ ಎನ್ನುವ ವೈದ್ಯರೂ ಇದ್ದಾರೆ. ಅವರ ಮಾತಿಗೆ ನನ್ನ ಒಲವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ.

ಹೈಪೊಸ್ಪೇಡಿಯಸ್ ಯಾಕೆ ಆಗುತ್ತದೆ? ಬಹಳಷ್ಟು ಕೂಸುಗಳಲ್ಲಿ ಒಂದೇ ಕಾರಣ ಬೆರಳಿಟ್ಟು ತೋರಿಸಲಾಗುವುದಿಲ್ಲ. ಕೆಲವಕ್ಕೆ ಜೀನ್ ಕಾರಣ. ಎಚ್‌ಓಎಕ್ಸ್‌ಎ-13 ಎಂಬ ಜೀನ್ ಕೈಬೆರಳನ್ನೂ ಈ ಅಂಗವನ್ನೂ ಒಟ್ಟಿಗೇ ರೂಪಿಸುತ್ತದೆ. ಅದು ಕೆಟ್ಟರೆ ಗಿಡ್ಡ ಹೆಬ್ಬೆರಳು, ಗಿಡ್ಡ ಪಾದ, ಹೈಪೊಸ್ಪೇಡಿಯಸ್ ಜೊತೆಯಾಗಿ ಬರುತ್ತವೆ ಎಂದು 1997ರಲ್ಲಿ ಕಂಡುಕೊಂಡರು. ಅಂದಿನಿಂದ ಈ ಅಂಗ ನೋಡುವಾಗ ಕೂಸಿನ ಹೆಬ್ಬೆರಳನ್ನೂ ಹಿಡಿದು ನೋಡುವುದು ನನಗೆ ರೂಢಿಯಾಗಿದೆ. ಇನ್ನು ರಾಸಾಯನಿಕಗಳು. ಸ್ಕಾಟ್ಲೆಂಡಿನ ಸಂಶೋಧಕರು 2008ರಲ್ಲಿ ಇಲಿಗಳಲ್ಲಿ ತೋರಿಸಿದ್ದೇನೆಂದರೆ, ಗರ್ಭದ ಕೆಲವೇ ದಿನಗಳ ಒಂದು ಕಿಟಕಿಯಲ್ಲಿ ಗಂಡಿನ ಹಾರ್ಮೋನಿಗೆ ಅಡ್ಡಿಯಾದರೆ ಹೈಪೊಸ್ಪೇಡಿಯಸ್ ಬರುತ್ತದೆ, ಬೀಜ ಇಳಿಯುವುದಿಲ್ಲ. ಆ ಕಿಟಕಿ ಮುಚ್ಚಿದ ಮೇಲೆ ಅಡ್ಡಿಪಡಿಸಿದರೆ ಆ ದೋಷ ಬರುವುದಿಲ್ಲ. ಮನುಷ್ಯರಲ್ಲಿ ಆ ಕಿಟಕಿ ಎಂಟರಿಂದ ಹದಿನಾಲ್ಕನೇ ವಾರ ಎಂದು ಅಂದಾಜು. ಇಲಿಯಲ್ಲಿ ಕಂಡದ್ದನ್ನು ಹಾಗೇ ಮನುಷ್ಯನಿಗೆ ಹಚ್ಚಬಾರದು. ಇಲಿಯ ಅಂಗದ ಬಹುಭಾಗ ಹುಟ್ಟಿದ ಮೇಲೆ ರೂಪುಗೊಳ್ಳುತ್ತದೆ, ಒಳಗೆ ಎಲುಬೂ ಇರುತ್ತದೆ. ಆದರೂ ಕಾಸರಗೋಡಿನ ಗೇರುತೋಟಗಳಿಗೆ ಹೊಡೆದ ಕೀಟನಾಶಕ ಎಂಡೋಸಲ್ಫಾನ್ ನಮಗೆ ನೆನಪಿರಬೇಕು. ಅಲ್ಲಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರ ಅಧ್ಯಯನ ಹೇಳಿತ್ತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ನಮ್ಮ ತೊಗರಿ, ಹತ್ತಿ ಹೊಲಗಳಲ್ಲಿ ಔಷಧ ಹೊಡೆದು ಬಂದ ಗಂಡನ ಅಂಗಿ ಒಗೆಯುವವಳು ಮೂರು ತಿಂಗಳ ಬಸುರಿ ಆಗಿರಬಹುದು. ಆ ಅಂಗಿ ಅವನೇ ಒಗೆದುಕೊಳ್ಳಲಿ.

ಇಳಿಯದ ಬೀಜದ ಬಗ್ಗೆ ಎರಡೇ ಮಾತು. ದಿನ ತುಂಬಿ ಹುಟ್ಟಿದ ನೂರು ಗಂಡು ಕೂಸುಗಳಲ್ಲಿ ಎರಡು ಮೂರಕ್ಕೆ ಒಂದೋ ಎರಡೋ ಬೀಜ ಚೀಲಕ್ಕೆ ಇಳಿದಿರುವುದಿಲ್ಲ, ದಿನ ತುಂಬದವುಗಳಲ್ಲಿ ಇನ್ನೂ ಬಹಳ. ಹೆಚ್ಚಿನವು ಆರು ತಿಂಗಳೊಳಗೆ ತಾವೇ ಇಳಿಯುತ್ತವೆ. ಆರು ತಿಂಗಳು ದಾಟಿದ ಮೇಲೆ ಕಾಯಬೇಡಿ; ಹೊಟ್ಟೆಯ ಕಾವಿಗೆ ಬೀಜ ಕೆಡುತ್ತದೆ, ಮುಂದೆ ಗಂಟು ಬೆಳೆಯುವ ಅಪಾಯವೂ ಉಂಟು. ಚಳಿಗೆ ಬೀಜ ಮೇಲಕ್ಕೆ ಸರಿಯುತ್ತದೆ, ಆದ್ದರಿಂದ ಬಿಸಿನೀರು ಎರೆಯುವಾಗ ನೋಡಿ. ಹೈಪೊಸ್ಪೇಡಿಯಸ್ ಇದ್ದು ಬೀಜವೂ ಕೈಗೆ ಸಿಗದಿದ್ದರೆ ಅದು ಗಂಡು ಎಂದು ಅಲ್ಲೇ ತೀರ್ಮಾನಿಸಬೇಡಿ, ಅವತ್ತೇ ಕಳಿಸಿ.

ಈಗ ಸುರಪುರದ ಕೂಸಿಗೆ ಮರಳುತ್ತೇನೆ. ಅದಕ್ಕೆ ಇದ್ದದ್ದು ಅಡ್ರಿನಲ್ ಗ್ರಂಥಿಯ ಹುಟ್ಟುದೋಷ. ಕಿಡ್ನಿಗಳ ಮೇಲೆ ಟೋಪಿಯಂತೆ ಕೂತ ಈ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ಮಾಡುತ್ತದೆ, ಉಪ್ಪು ಹಿಡಿದಿಡುವ ಅಲ್ಡೊಸ್ಟೆರೋನ್ ಮಾಡುತ್ತದೆ. ಅದಕ್ಕೆ ಬೇಕಾದ ಒಂದು ಕಿಣ್ವ ಇಲ್ಲದಿದ್ದರೆ ಎರಡೂ ತಯಾರಾಗುವುದಿಲ್ಲ. ಮಿದುಳು ‘ಮಾಡು, ಮಾಡು’ ಎಂದು ಗ್ರಂಥಿಯನ್ನು ತಿವಿಯುತ್ತಲೇ ಇರುತ್ತದೆ. ಕಚ್ಚಾ ಸರಕು ತುಂಬಿ ತುಳುಕಿ, ತೆರೆದಿರುವ ಇನ್ನೊಂದು ಕಾಲುವೆಗೆ ನುಗ್ಗಿ ಗಂಡಿನ ಹಾರ್ಮೋನಾಗುತ್ತದೆ. ಎಕ್ಸ್‌ಎಕ್ಸ್ ಕೂಸಿಗೆ, ಅಂದರೆ ವೈ ಇಲ್ಲದೆ ಎರಡು ಎಕ್ಸ್ ಕ್ರೋಮೋಸೋಮು ಇರುವ ಹೆಣ್ಣು ಕೂಸಿಗೆ, ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿಯೇ ಇರುತ್ತವೆ. ಹೊರಗಿನ ಮೊಗ್ಗಿಗೆ ಮಾತ್ರ ತಪ್ಪು ಸುದ್ದಿ ಮುಟ್ಟಿ ಅದು ಗಂಡಿನ ರೂಪಕ್ಕೆ ಹೊರಳಿರುತ್ತದೆ. ನೇಪಲ್ಸಿನ ಲುಯಿಜಿ ಡಿ ಕ್ರೆಕ್ಕಿಯೊ 1865ರಲ್ಲಿ ಇಂಥ ಒಬ್ಬರ ಶವಪರೀಕ್ಷೆ ಮಾಡಿ ಬರೆದಿದ್ದರು: ಬದುಕಿಡೀ ಗಂಡಸಾಗಿದ್ದ ವ್ಯಕ್ತಿ, ಒಳಗೆ ಗರ್ಭಕೋಶ. ಔಷಧ ಸಿಗಲು 1950 ಬರಬೇಕಾಯಿತು. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಾಸನ್ ವಿಲ್ಕಿನ್ಸ್ ಮತ್ತು ಸಂಗಡಿಗರು ಕಾರ್ಟಿಸೋನ್ ಕೊಟ್ಟು ಈ ರೋಗವನ್ನು ಹಿಡಿತಕ್ಕೆ ತಂದರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಮ್ಮ ದೇಶದ ಐದು ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ, 5762 ಕೂಸುಗಳಿಗೆ ಒಂದರಂತೆ ಈ ದೋಷ ಕಂಡಿತು. ಬೇರೆ ದೇಶಗಳ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು. ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಜೀನ್‌ನ ಒಂದೊಂದು ಪ್ರತಿ ಅಡಗಿದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಅಕ್ಕನ ಮಗಳನ್ನು ತರುವ, ಸೋದರತ್ತೆಯ ಮಗನಿಗೆ ಕೊಡುವ ನಮ್ಮ ಮನೆಗಳಲ್ಲಿ ಇಬ್ಬರಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಎನ್. ಅಪ್ಪಾಜಿ ರಾವ್ ಮತ್ತು ಬ್ರಿಟನ್ನಿನ ಎ. ಎಚ್. ಬಿಟಲ್ಸ್ 1980ರ ದಶಕದಲ್ಲೇ ಕರ್ನಾಟಕದಲ್ಲಿ ರಕ್ತಸಂಬಂಧದ ಮದುವೆ ಮತ್ತು ಮಕ್ಕಳ ಆನುವಂಶಿಕ ರೋಗಗಳ ನಂಟನ್ನು ಅಧ್ಯಯನ ಮಾಡಿದ್ದರು. ಇದರಲ್ಲಿ ತಾಯಿಯ ತಪ್ಪು ಎಳ್ಳಷ್ಟೂ ಇಲ್ಲ. ಗ್ರಹಣ ಕಾಲದಲ್ಲಿ ಹೊರಗೆ ಬಂದಳು, ಅದು ತಿಂದಳು ಎಂದು ಬಾಣಂತಿಯನ್ನು ಚುಚ್ಚುವುದನ್ನು ನಿಲ್ಲಿಸಿ.

ನನ್ನನ್ನು ಹೆಚ್ಚು ಕಾಡುವುದು ಇದೇ ದೋಷವಿರುವ ಗಂಡು ಕೂಸುಗಳು. ಅವುಗಳ ಅಂಗ ನೋಡಲು ಸರಿಯಾಗಿಯೇ ಇರುತ್ತದೆ. ಲಂಗೋಟಿ ಬಿಚ್ಚಿದರೂ ಸುಳಿವು ಸಿಗುವುದಿಲ್ಲ, ಬಹಳವೆಂದರೆ ಬಣ್ಣ ಕೊಂಚ ಗಾಢ. ಎರಡನೇ ವಾರದಲ್ಲಿ ವಾಂತಿ, ತೂಕ ಇಳಿಕೆ, ಮೂರನೇ ವಾರದೊಳಗೆ ಸಾವು. ‘ಹಿಂದಿನ ಗಂಡು ಕೂಸೂ ಹದಿನೈದು ದಿನಕ್ಕೇ ಹೋಯ್ತ್ರಿ, ವಾಂತಿ ಮಾಡ್ಕೊಂಡು’ ಎಂದು ತಾಯಿ ಹೇಳಿದರೆ ಆ ಮಾತನ್ನು ಅಲ್ಲಿಗೇ ಬಿಡಬೇಡಿ. ಚೀಟಿಯಲ್ಲಿ ಬರೆದು ಕಳಿಸಿ. ನಾನು ಆ ಒಂದು ಸಾಲಿನಿಂದ ರೋಗ ಹಿಡಿದದ್ದಿದೆ.

ಉಪ್ಪಿನ ಅವಸರ ಇಲ್ಲಿಗೆ ಮುಗಿಯಿತು. ಕತ್ತಿಯ ಅವಸರದ ಬಗ್ಗೆ ಮಾತಾಡುತ್ತೇನೆ.

ಸುರಪುರದ ಕೂಸಿನ ಪರೀಕ್ಷೆಗಳೆಲ್ಲ ಬಂದವು: ಎಕ್ಸ್‌ಎಕ್ಸ್, ಗರ್ಭಕೋಶ ಇದೆ. ತಂದೆಯ ಮೊದಲ ಮಾತು, ‘ಹಂಗಾದ್ರ ಅದು ಉದ್ದ ಇದ್ದದ್ದು ಕೊಯ್ದು ಬಿಡ್ರಿ.’ ಒಂದು ಕಾಲದಲ್ಲಿ ನನ್ನ ಗುರುಗಳ ತಲೆಮಾರು ಹಾಗೇ ಮಾಡುತ್ತಿತ್ತು, ಕೆಡುಕು ಬಗೆದಲ್ಲ. ಕೂಸಿನ ಅಂಗವನ್ನು ಬೇಗ ಒಂದು ರೂಪಕ್ಕೆ ತಂದು ಹಾಗೇ ಬೆಳೆಸಿದರೆ ಮನಸ್ಸೂ ಹಾಗೇ ಹೊಂದಿಕೊಳ್ಳುತ್ತದೆ ಎಂದು ಅಮೆರಿಕದ ಜಾನ್ ಮನಿ ಹೇಳಿದ್ದನ್ನು ಜಗತ್ತು ನಂಬಿತ್ತು. ಅವರು ಸಾಕ್ಷಿಯಾಗಿ ತೋರಿಸುತ್ತಿದ್ದದ್ದು ಕೆನಡಾದ ಒಬ್ಬ ಹುಡುಗನನ್ನು. ಮುಂಜಿಯ ವೇಳೆ ಅಂಗ ಸುಟ್ಟುಹೋಗಿ ಆತನನ್ನು ಹೆಣ್ಣಾಗಿ ಬೆಳೆಸಿದ್ದರು. ಆ ಹುಡುಗ ಹೆಣ್ಣಾಗಿ ಬದುಕಲೊಪ್ಪದೆ ಗಂಡಾಗಿ ಮರಳಿದ್ದ ಎಂಬ ನಿಜವನ್ನು ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್‌ಸನ್ 1997ರಲ್ಲಿ ಬಯಲಿಗಿಟ್ಟರು.

ಮರುವರ್ಷ ಆಸ್ಟ್ರೇಲಿಯಾದ ಮೂತ್ರಾಂಗ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ ಚಂದ್ರನಾಡಿಯ ಪೂರ್ಣ ರಚನೆಯನ್ನು ಶವಗಳಲ್ಲಿ ಬಿಡಿಸಿ ತೋರಿಸಿದರು. ಹೊರಗೆ ಕಾಣುವುದು ತುದಿ ಮಾತ್ರ, ಬಹುಭಾಗ ಒಳಗಿದೆ. 1999ರಲ್ಲಿ ಬಾಸ್ಕಿನ್ ತಂಡ ಅದರ ಬೆನ್ನಿನ ಸುತ್ತ ನರಗಳು ಹೇಗೆ ಹರಡಿವೆ ಎಂದು ತೋರಿಸಿತು. ಅದರಲ್ಲಿ 8000 ನರತಂತುಗಳಿವೆ ಎಂದು ಎಲ್ಲ ಕಡೆ ಬರೆಯುತ್ತಿದ್ದರು. ಆ ಅಂಕಿಯ ಮೂಲ ಹುಡುಕಿದರೆ ಹಸುಗಳ ಮೇಲಿನ ಅಧ್ಯಯನ. 2022ರಲ್ಲಿ ಅಮೆರಿಕದ ಓರೆಗಾನ್‌ನ ಬ್ಲೇರ್ ಪೀಟರ್ಸ್ ಮತ್ತು ತಂಡ ಮನುಷ್ಯರ ಅಂಗಾಂಶದಲ್ಲೇ ಎಣಿಸಿ ಹತ್ತು ಸಾವಿರಕ್ಕೂ ಹೆಚ್ಚು ಎಂದರು. ಅಷ್ಟು ವರ್ಷ ನಾವು ಏನನ್ನು ಕೊಯ್ಯುತ್ತಿದ್ದೇವೆ ಎಂದು ತಿಳಿಯದೆಯೇ ಕೊಯ್ಯುತ್ತಿದ್ದೆವು. ಈ ಮಾತು ಹೇಳುವಾಗ ನನ್ನ ಗಂಟಲು ಈಗಲೂ ಹಿಡಿಯುತ್ತದೆ.

2005ರಲ್ಲಿ ಶಿಕಾಗೋದಲ್ಲಿ ಸೇರಿದ ತಜ್ಞರು, ಹೆಸರಿನಿಂದಲೇ ನೋಯಿಸುವ ಹಳೆಯ ಪದಗಳನ್ನು ಬಿಟ್ಟು ‘ಲಿಂಗ ಬೆಳವಣಿಗೆಯ ಏರುಪೇರು’ ಎಂಬರ್ಥದ ಪದ ಬಳಸಬೇಕು, ತಜ್ಞರ ತಂಡ ನೋಡುವ ಮೊದಲು ಗಂಡು ಹೆಣ್ಣೆಂದು ತೀರ್ಮಾನಿಸಬಾರದು ಎಂದರು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್, ಇಂಥ ಶಿಶುಗಳಿಗೆ ಬರೀ ರೂಪ ಬದಲಿಸುವ ಆಪರೇಷನ್ ಮಾಡಬಾರದೆಂದು ಹೇಳಿತು. ಅದೇ ವರ್ಷ ತಮಿಳುನಾಡು ಸರ್ಕಾರ, ಜೀವಕ್ಕೆ ಅಪಾಯವಿರುವ ಸಂದರ್ಭ ಬಿಟ್ಟು, ಅದನ್ನು ನಿಷೇಧಿಸಿತು. ಉಚ್ಚೆಗೆ ದಾರಿಯೇ ಇಲ್ಲದಿದ್ದರೆ, ಸೋಂಕು ಮರುಕಳಿಸುತ್ತಿದ್ದರೆ ನಾನು ಆಪರೇಷನ್ ಮಾಡುತ್ತೇನೆ. ನೆಂಟರು ನೋಡಿ ಏನಂದಾರು ಎಂಬ ಕಾರಣಕ್ಕೆ ಮಾಡುವುದಿಲ್ಲ. ಆ ಅಂಗ ಕೂಸಿನದು, ಅದು ದೊಡ್ಡದಾಗಿ ತಾನೇ ಹೇಳಲಿ.

ಸುರಪುರದ ತಂದೆಗೂ ಅದನ್ನೇ ಹೇಳಿದೆ. ಒಪ್ಪಲು ಮೂರು ಭೇಟಿ ಬೇಕಾಯಿತು. ದಿನಕ್ಕೆ ಮೂರು ಹೊತ್ತು ಗುಳಿಗೆ, ಚಿಟಿಕೆ ಉಪ್ಪು. ಜ್ವರ ಬಂದರೆ ಗುಳಿಗೆ ದುಪ್ಪಟ್ಟು ಮೂರುಪಟ್ಟು, ವಾಂತಿಯಾದರೆ ಸೂಜಿ. ಗುಳಿಗೆ ಸರಿಯಾಗಿ ಕೊಟ್ಟದ್ದರಿಂದ ಹಿಗ್ಗಿದ್ದ ಅಂಗ ತಾನೇ ಸ್ವಲ್ಪ ಕುಗ್ಗಿತು. ಹುಡುಗಿ ಈಗ ಎಂಟನೇ ತರಗತಿ. ಕೊಕ್ಕೊ ಆಡುತ್ತಾಳೆ. ಕಳೆದ ಸಲ ಬಂದಾಗ ಅವ್ವನನ್ನು ಹೊರಗೆ ಕಳಿಸಿ ತನ್ನ ಮೈಯ ಬಗ್ಗೆ ನನ್ನ ಹತ್ತಿರ ಎಂಟು ಪ್ರಶ್ನೆ ಕೇಳಿದಳು. ಬರೆದುಕೊಂಡು ಬಂದಿದ್ದಳು.

ಉಪನ್ಯಾಸ ಮುಗಿದ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದರು: ಜನನ ನೋಂದಣಿ 21 ದಿನದಲ್ಲಿ ಆಗಬೇಕು, ಪರೀಕ್ಷೆಯ ವರದಿ ಬರದಿದ್ದರೆ? ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ, ಹೆಸರು ಸೇರಿಸಲು ಒಂದು ವರ್ಷದ ತನಕ ದಂಡವಿಲ್ಲ. ತೊಟ್ಟಿಲು ಕಾರ್ಯ ಮುಂದೆ ಹಾಕಲು ಮನೆಯವರಿಗೆ ಹೇಳಿ; ಕೂಸಿಗೆ ಮೈ ಸರಿಯಿಲ್ಲ ಎಂದರೆ ಮಂದಿಗೆ ಸಾಕು. ಲಿಂಗದ ಕಾಲಂ ತುಂಬಲು ಎರಡು ಮೂರು ವಾರ ಕಾದರೆ ಮುಂದೆ ಶಾಲೆ, ಆಧಾರ್ ಎಲ್ಲ ಕಡೆ ತಿದ್ದಿಸುತ್ತ ಅಲೆಯುವುದು ತಪ್ಪುತ್ತದೆ.

ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಹಿಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಹತ್ತಿರ ಬಂದಳು. ಮೊಮ್ಮಗಳ ಜೊತೆ ಬಂದಿದ್ದಳಂತೆ. ಓಣಿಯ ಬಾಣಂತಿಯರ ಮನೆಗೆ ಹೋಗಿ ಕೂಸುಗಳಿಗೆ ಎರೆಯುವುದು ಆಕೆಯ ಕೆಲಸ.

‘ಮೂವತ್ತು ವರ್ಷ ಆಯ್ತು ಎರಿಲಾಕತ್ತು. ಒಂದ್ ನಾಕೈದು ಕೂಸಿನಾಗ ನೀವು ಹೇಳಿದಂಗ ನೋಡೀನಿ. ಯಾರಿಗೂ ಹೇಳಿಲ್ಲ. ಹೇಳಿದ್ರ ನನ್ನ ಕಣ್ಣೇ ತಾಕ್ಯಾದ ಅಂತಾರ.’

‘ಹಿಂಗದ, ಹಂಗದ ಅಂತ ಹೇಳಬ್ಯಾಡ್ರಿ, ಆಯಿ. ಒಮ್ಮಿ ದೊಡ್ಡ ದವಾಖಾನಿಗಿ ತೋರಿಸ್ಕೊಂಡು ಬರ್ರಿ ಅಂತಷ್ಟೇ ಹೇಳ್ರಿ.’

ಆಕೆ ತಲೆಯಾಡಿಸಿದಳು. ತನ್ನ ಬೆರಳು ಮಡಚುತ್ತ, ನಾನು ಹೇಳಿದ್ದನ್ನು ತನಗೆ ತಾನೇ ಒಪ್ಪಿಸಿಕೊಂಡಳು. ತೂತು ಕೆಳಗಿದ್ರ ಮುಂಜಿ ಬ್ಯಾಡ. ಬೀಜ ಇಳೀದಿದ್ರ ಆರು ತಿಂಗಳು ನೋಡಬೇಕು. ಎರಡೂ ಇದ್ರ ಅವತ್ತೇ ಕಳಿಸಬೇಕು. ಕಿರುಬೆರಳ ಹತ್ತಿರ ಬಂದು ನಿಂತಳು.

‘ವಾಂತಿ ಮಾಡಿ ಬಳಲಿದ್ದು?’

‘ಅದೂ ಅವತ್ತೇ, ಆಯಿ. ರಾತ್ರಿ ಆಗಿದ್ರೂ.’